ಕೋಲು ಯಾರ ಕೈಲಿತ್ತು?



2024ರ ಆಗಸ್ಟ್ 4, ಭಾನುವಾರ. ನಮ್ಮ ಪಂಚಾಂಗದಲ್ಲಿ ಅವತ್ತು ಭೀಮನ ಅಮಾವಾಸ್ಯೆ. ನಾನಿದ್ದದ್ದು ಕಾಶಿಯಲ್ಲಿ. ಅಲ್ಲಿ ಹುಣ್ಣಿಮೆಗೆ ತಿಂಗಳು ಮುಗಿಯುವ ಲೆಕ್ಕವಾದ್ದರಿಂದ ಆಗಲೇ ಶ್ರಾವಣ ನಡೆಯುತ್ತಿತ್ತು. ಮರುದಿನದ ಸೋಮವಾರಕ್ಕೆ ವಿಶ್ವನಾಥನ ದರ್ಶನಕ್ಕೆಂದು ಬಂದ ಕಾವಿ ಅಂಗಿಯ ಕಾವಡಿ ಹುಡುಗರಿಂದ ಗೋದೌಲಿಯಾ ಚೌಕ ತುಂಬಿಹೋಗಿತ್ತು. ಆ ಜನಜಂಗುಳಿ ತಪ್ಪಿಸಿಕೊಳ್ಳಲು ನಾನು ಒಳಗಲ್ಲಿ ಹಿಡಿದು ಬಂಗಾಲಿ ಟೋಲಾಕ್ಕೆ ನುಗ್ಗಿದೆ.

ಕಾಶಿಗೆ ಹೋಗಿ ಬಂದವರಿಗೆ ಈ ಗಲ್ಲಿ ಗೊತ್ತಿರುತ್ತದೆ. ದಶಾಶ್ವಮೇಧ ಘಾಟಿನಿಂದ ಗಂಗೆಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿಯುವ, ಎರಡು ಹಸು ಎದುರುಬದುರಾದರೆ ಮನುಷ್ಯ ಗೋಡೆಗೆ ಅಂಟಿಕೊಳ್ಳಬೇಕಾದಂಥ ಓಣಿ. ಕರ್ನಾಟಕದಿಂದ ಹೋದವರಲ್ಲಿ ಅನೇಕರು ಇಳಿದುಕೊಳ್ಳುವ ಜಂಗಮವಾಡಿ ಮಠ ಅಲ್ಲಿಗೆ ಕೂಗಳತೆ ದೂರ. ಹಾಗಾಗಿ ಈ ಬಂಗಾಳಿಗಳ ಕೇರಿಯಲ್ಲಿ ಆಗಾಗ ಕನ್ನಡವೂ ಕಿವಿಗೆ ಬೀಳುತ್ತದೆ. ಅವತ್ತು ಒಂದು ಚಹಾದ ಅಂಗಡಿಯಲ್ಲಿ ಟಿವಿ ಹಾಕಿದ್ದರು. ಪ್ಯಾರಿಸ್ ಒಲಿಂಪಿಕ್ಸ್, ಪುರುಷರ ಹಾಕಿ ಕ್ವಾರ್ಟರ್ ಫೈನಲ್, ಭಾರತಕ್ಕೆ ಎದುರು ಗ್ರೇಟ್ ಬ್ರಿಟನ್. ಕುಲ್ಹಡ್ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ನನ್ನ ಪಕ್ಕದಲ್ಲಿ ಹಾವೇರಿ ಕಡೆಯಿಂದ ಯಾತ್ರೆಗೆ ಬಂದಿದ್ದ ಒಬ್ಬ ಅಜ್ಜಿ, ಕಾಲು ನೋವೆಂದು ಬೆಂಚಿನ ಮೇಲೆ ಕೂತಿದ್ದರು.

ಆಟದ 17ನೇ ನಿಮಿಷ. ನಮ್ಮ ಡಿಫೆಂಡರ್ ಅಮಿತ್ ರೋಹಿದಾಸ್ ಚೆಂಡು ಹಿಡಿದು ಮುನ್ನುಗ್ಗುತ್ತಿದ್ದರು. ಬ್ರಿಟನ್ನಿನ ವಿಲ್ ಕ್ಯಾಲ್ನನ್ ಹತ್ತಿರ ಬಂದರು. ರೋಹಿದಾಸ್ ತಿರುಗುವ ಭರದಲ್ಲಿ ಮೇಲೆದ್ದ ಸ್ಟಿಕ್ ಕ್ಯಾಲ್ನನ್ ತಲೆಗೆ ಬಡಿಯಿತು. ಮೈದಾನದ ಅಂಪೈರ್‌ಗೆ ಮೊದಲು ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. ವಿಷಯ ವಿಡಿಯೊ ಅಂಪೈರ್ ಬಳಿಗೆ ಹೋಯಿತು. ಮತ್ತೆ ಮತ್ತೆ, ನಿಧಾನಗತಿಯಲ್ಲಿ, ಅದೇ ಚಿತ್ರ. ಕೊನೆಗೆ ಕೆಂಪು ಕಾರ್ಡ್. ಇನ್ನುಳಿದ 40ಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಜನರಲ್ಲಿ ಆಡಬೇಕು.

ಅಂಗಡಿ ಕೊತಕೊತ ಕುದಿಯಿತು. ಬಂಗಾಳಿ, ಭೋಜಪುರಿ, ಹಿಂದಿ, ಮೂರರಲ್ಲೂ ಬೈಗುಳ. ಎಲ್ಲರ ವಾದ ಒಂದೇ: ಅವನೇನು ಬೇಕಂತ ಹೊಡೆದನಾ? ನಾನೂ ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಆಗ ಬೆಂಚಿನ ಮೇಲಿದ್ದ ಅಜ್ಜಿ ಕೇಳಿದರು: "ಅಲ್ಲೋ ತಮ್ಮಾ, ಪೆಟ್ಟು ತಿಂದ ಹುಡುಗಗ ಏನಾತು? ಅದನ್ನ ಯಾರೂ ಹೇಳವಲ್ರಲ್ಲ!"

ನನಗೆ ಹೊಳೆದೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಹೊಳೆಯಬೇಕಾಗಿದ್ದವನು ನಾನೇ.

ಬೆಂಗಳೂರಿನಲ್ಲಿ ಹೈಸ್ಕೂಲು ಓದುವಾಗ ನಾನೂ ಹಾಕಿ ಆಡುತ್ತಿದ್ದೆ. ಮಣ್ಣಿನ ಮೈದಾನ, ಹಳೆಯ ಕೋಲುಗಳು. ಒಂದು ಸಂಜೆ ಚೆಂಡು ಸಿಕ್ಕಿತೆಂದು ಕಣ್ಣುಮುಚ್ಚಿ ಬೀಸಿದೆ. ಚೆಂಡಿಗೆ ತಗುಲಿತೋ ಇಲ್ಲವೋ, ಹಿಂದಿದ್ದ ಗೆಳೆಯನ ಹುಬ್ಬಿಗೆ ತಗುಲಿತು. ರಕ್ತ ಕಣ್ಣಿಗಿಳಿದು ಅವನು ಕೂತುಬಿಟ್ಟ. ಹುಬ್ಬಿಗೆ ಏಳು ಹೊಲಿಗೆ ಬಿತ್ತು. ನಾನು ಅಳುತ್ತ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ "ಬೇಕಂತ ಮಾಡ್ಲಿಲ್ಲ ಸಾರ್" ಅಂದೆ. ಅವರು ಗದರಲಿಲ್ಲ. "ಕೋಲು ಯಾರ ಕೈಲಿತ್ತೋ?" ಅಂತ ಮಾತ್ರ ಕೇಳಿದರು. ಒಂದು ತಿಂಗಳು ನನ್ನನ್ನು ಮೈದಾನದ ಗೆರೆ ಎಳೆಯುವುದಕ್ಕೆ ಹಾಕಿದರು. ಆಗ ಅದು ಘೋರ ಅನ್ಯಾಯ ಅನ್ನಿಸಿತ್ತು.

ಕಾಶಿಯಿಂದ ಬಂದ ಮೇಲೆ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನುಷ್ಯನ ಕೈಗೆ ಕೋಲು ಕೊಟ್ಟು ಓಡು ಎನ್ನುವ ಆಟಗಳು ತಲೆಗೆ ಬಿದ್ದ ಪೆಟ್ಟಿಗೆ ಹೇಗೆ ಲೆಕ್ಕ ಕಟ್ಟಿವೆ? ಹುಡುಕುತ್ತ ಹೋದರೆ ದಾರಿ ಸೀದಾ ಕೆನಡಾ, ಅಮೆರಿಕದ ಮಂಜಿನ ಅಂಗಳಕ್ಕೆ ಹೋಯಿತು. ಐಸ್ ಹಾಕಿ ನಮಗೆ ಅಷ್ಟು ಪರಿಚಯದ ಆಟವಲ್ಲ. ಚಳಿಗಾಲದಲ್ಲಿ ಲೇಹ್‌ನ ಕೆರೆ ಹೆಪ್ಪುಗಟ್ಟಿದಾಗ ಲಡಾಖಿನ ಹುಡುಗ ಹುಡುಗಿಯರು ಆಡುವುದನ್ನು ಕೆಲವರು ನೋಡಿರಬಹುದು. ಅಲ್ಲಿ ಚೆಂಡಿನ ಬದಲು ರಬ್ಬರಿನ ಬಿಲ್ಲೆ, ಅದಕ್ಕೆ ಪಕ್ ಎಂದು ಹೆಸರು. ಕಾಲಿಗೆ ಉಕ್ಕಿನ ಅಲಗಿನ ಬೂಟು. ಎದುರಾಳಿಯನ್ನು ಭುಜದಿಂದ ಗುದ್ದಿ ಉರುಳಿಸುವುದು ಆ ಆಟದಲ್ಲಿ ತಪ್ಪಲ್ಲ, ಅದು ಕೌಶಲ! ಹೀಗಿರುವಾಗ ಯಾವುದು ಆಟದ ಗುದ್ದು, ಯಾವುದು ಅಪರಾಧ ಎಂದು ಹೇಳುವವರು ಯಾರು? ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್ ಎಂಬ ವೃತ್ತಿಪರ ಕೂಟ ಈ ಪ್ರಶ್ನೆಯೊಂದಿಗೆ ಸುಮಾರು ತೊಂಬತ್ತು ವರ್ಷ ಗುದ್ದಾಡಿದೆ.

1933ರ ಡಿಸೆಂಬರ್ 12. ಬಾಸ್ಟನ್ ನಗರದಲ್ಲಿ ಬ್ರೂಯಿನ್ಸ್ ಮತ್ತು ಟೊರಾಂಟೊ ತಂಡಗಳ ಪಂದ್ಯ. ಬಾಸ್ಟನ್ನಿನ ಎಡ್ಡಿ ಶೋರ್ ಆ ಕಾಲದ ಮಹಾ ಆಟಗಾರ, ಅಷ್ಟೇ ಮುಂಗೋಪಿ. ಟೊರಾಂಟೊದ ಆಟಗಾರನೊಬ್ಬ ಇವನನ್ನು ಕೆಡವಿದ್ದ. ಎದ್ದ ಶೋರ್ ಸೇಡು ತೀರಿಸಲು ಹಿಂದಿನಿಂದ ಒಬ್ಬನಿಗೆ ಡಿಕ್ಕಿ ಹೊಡೆದ. ಆದರೆ ಆ ಒಬ್ಬ ಕೆಡವಿದವನಾಗಿರಲಿಲ್ಲ, ಏಸ್ ಬೈಲಿ ಎಂಬ ಬೇರೆಯವನು. ಬೈಲಿಯ ತಲೆ ಮಂಜಿಗೆ ಬಡಿದು ಬುರುಡೆ ಒಡೆಯಿತು. ಹೆಲ್ಮೆಟ್ ಯಾರಿಗೂ ಇರದ ಕಾಲ. ಹಲವು ದಿನ ಸಾವು ಬದುಕಿನ ನಡುವೆ ತೂಗಾಡಿ, ಶಸ್ತ್ರಚಿಕಿತ್ಸೆಗಳಾಗಿ ಬದುಕಿಕೊಂಡ. ಮತ್ತೆಂದೂ ಆಡಲಿಲ್ಲ. ಶೋರ್‌ಗೆ ಸಿಕ್ಕ ಶಿಕ್ಷೆ 16 ಪಂದ್ಯಗಳ ನಿಷೇಧ. 1934ರ ಫೆಬ್ರವರಿಯಲ್ಲಿ ಬೈಲಿಗಾಗಿ ಒಂದು ಸಹಾಯಾರ್ಥ ಪಂದ್ಯ ಏರ್ಪಡಿಸಿದರು. ಅಲ್ಲಿ ಬೈಲಿ ಶೋರ್‌ನ ಕೈ ಕುಲುಕಿದ, ಜನ ಚಪ್ಪಾಳೆ ತಟ್ಟಿದರು. ಕಥೆ ಎಷ್ಟು ಚೆನ್ನಾಗಿದೆ ನೋಡಿ. ಬಹುಶಃ ಅಷ್ಟು ಚೆನ್ನಾಗಿದ್ದದ್ದೇ ತೊಂದರೆಯಾಯಿತು. ಕೈ ಕುಲುಕಿದ ಮೇಲೆ ನಿಯಮದ ಮಾತು ಯಾರಿಗೆ ಬೇಕು?

1968ರ ಜನವರಿ 13ರಂದು ಮಿನೆಸೋಟ ತಂಡದ ಬಿಲ್ ಮಾಸ್ಟರ್ಟನ್ ಎದುರಾಳಿಗಳ ಡಿಕ್ಕಿಗೆ ಹಿಂದಕ್ಕೆ ಬಿದ್ದ. ಎರಡು ದಿನಕ್ಕೆ ತೀರಿಕೊಂಡ. ಅವನ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ. ಹೊಸದಾಗಿ ಲೀಗ್ ಸೇರುವವರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 1979ರಲ್ಲಿ, ಹನ್ನೊಂದು ವರ್ಷಗಳ ನಂತರ! ಅದಕ್ಕೆ ಮುಂಚೆ ಸೇರಿದ್ದವರಿಗೆ ವಿನಾಯಿತಿ. ಬರಿತಲೆಯಲ್ಲಿ ಆಡಿದ ಕೊನೆಯವ ಕ್ರೇಗ್ ಮ್ಯಾಕ್‌ಟ್ಯಾವಿಶ್ ನಿವೃತ್ತನಾದದ್ದು 1997ರಲ್ಲಿ. ಬೆಂಗಳೂರಿನ ಸ್ಕೂಟರ್ ಸವಾರರನ್ನು ಬಲ್ಲ ನಮಗೆ ಇದು ಅಷ್ಟೇನೂ ಆಶ್ಚರ್ಯ ತರಬೇಕಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 2004ರ ಘಟನೆ. ಆ ಫೆಬ್ರವರಿಯಲ್ಲಿ ಕೊಲರಾಡೊ ತಂಡದ ಸ್ಟೀವ್ ಮೂರ್ ಎಂಬ ಹೊಸಬ, ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲುಂಡ್‌ನ ತಲೆಗೆ ತಾಗುವಂತೆ ಗುದ್ದಿದ. ರೆಫರಿ ಶಿಕ್ಷೆ ಕೊಡಲಿಲ್ಲ. ಲೀಗ್ ಕೂಡ ನೋಡಿ ಸುಮ್ಮನಾಯಿತು. ವ್ಯಾಂಕೂವರ್ ಆಟಗಾರರಿಗೆ ಹೊಟ್ಟೆಯಲ್ಲಿ ಕಿಚ್ಚು. ಮಾರ್ಚ್ 8ರಂದು ಮತ್ತೆ ಎರಡೂ ತಂಡ ಎದುರಾದಾಗ ಟಾಡ್ ಬರ್ಟೂಜಿ ಎಂಬವನು ಮೂರ್‌ನ ಬೆನ್ನುಹತ್ತಿ, ಹಿಂದಿನಿಂದ ಗುದ್ದಿ, ಮಂಜಿನ ಮೇಲೆ ಕೆಡವಿ ಮೇಲೆಯೇ ಬಿದ್ದ. ಮೂರ್‌ನ ಕತ್ತಿನ ಮೂಳೆಗಳು ಮುರಿದವು. ಅವನ ಆಟ ಅಲ್ಲಿಗೆ ಮುಗಿಯಿತು. ಬರ್ಟೂಜಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಮೂರ್ ಹೂಡಿದ ಪರಿಹಾರದ ದಾವೆ 2014ರವರೆಗೆ ಎಳೆದು, ರಾಜಿಯಲ್ಲಿ ಮುಗಿಯಿತು. ಫೆಬ್ರವರಿಯ ಆ ಗುದ್ದಿಗೆ ನಾಲ್ಕು ಪಂದ್ಯದ ನಿಷೇಧವೋ ಒಂದಿಷ್ಟು ದಂಡವೋ ಬಿದ್ದಿದ್ದರೆ ಮಾರ್ಚಿನ ಸೇಡು ನಡೆಯುತ್ತಿತ್ತೇ? ನನಗೇನೋ ಅನುಮಾನ. ಪಂಚಾಯಿತಿ ಸೇರದ ಊರಲ್ಲಿ ಜನ ತಾವೇ ದೊಣ್ಣೆ ಎತ್ತುತ್ತಾರೆ.

ಆದರೂ ಲೀಗ್ ಎಚ್ಚೆತ್ತುಕೊಳ್ಳಲು ಇನ್ನೂ ಆರು ವರ್ಷ ಬೇಕಾಯಿತು. 2010ರ ಮಾರ್ಚ್ 7ರಂದು ಪಿಟ್ಸ್‌ಬರ್ಗ್‌ನ ಮ್ಯಾಟ್ ಕುಕ್, ಬಾಸ್ಟನ್ನಿನ ಮಾರ್ಕ್ ಸವಾರ್‌ನ ಕಣ್ಣಿಗೆ ಬೀಳದ ಕಡೆಯಿಂದ ಬಂದು ತಲೆಗೆ ಗುದ್ದಿದ. ಸವಾರ್ ಪ್ರಜ್ಞೆ ತಪ್ಪಿ ಬಿದ್ದ. ಲೀಗ್ ಪುಸ್ತಕ ತೆರೆದು ನೋಡಿತು. ಭುಜದಿಂದ ಹೊಡೆದಿದ್ದಾನೆ, ಭುಜದಿಂದ ಹೊಡೆಯುವುದು ತಪ್ಪೆಂದು ಎಲ್ಲೂ ಬರೆದಿಲ್ಲ. ಹಾಗಾಗಿ ಶಿಕ್ಷೆಯಿಲ್ಲ! ಇದರ ಗಲಾಟೆ ಎಷ್ಟಾಯಿತೆಂದರೆ ಅದೇ ತಿಂಗಳು ಹೊಸ ನಿಯಮದ ತಯಾರಿ ನಡೆದು, ಮುಂದಿನ ಋತುವಿಗೆ ನಿಯಮ 48 ಎಂದು ಪುಸ್ತಕ ಸೇರಿತು. ಮೊದಲು ಪಕ್ಕದಿಂದ, ಕಾಣದ ಕಡೆಯಿಂದ ಬಂದ ತಲೆಯ ಹೊಡೆತಕ್ಕೆ ಮಾತ್ರ ಅನ್ವಯಿಸುತ್ತಿತ್ತು. 2011ರಲ್ಲಿ ಆ ಷರತ್ತನ್ನೂ ತೆಗೆದರು. ಹೊಡೆತ ಮುಖ್ಯವಾಗಿ ತಗುಲಿದ್ದು ತಲೆಗೇ? ಅದನ್ನು ತಪ್ಪಿಸಬಹುದಿತ್ತೇ? ಇವೇ ಮುಖ್ಯ ಪ್ರಶ್ನೆಗಳು. ಹೊಡೆದವನ ಮನಸ್ಸಿನಲ್ಲಿ ಏನಿತ್ತು ಎಂಬುದು ಹಿಂದೆ ಸರಿಯಿತು.

ಅದೇ 2011ರಲ್ಲಿ ಆಟಗಾರರ ಸುರಕ್ಷತಾ ವಿಭಾಗ ಎಂಬ ಪ್ರತ್ಯೇಕ ಕಚೇರಿ ತೆರೆದರು. ಮೊದಲ ಮುಖ್ಯಸ್ಥ ಮಾಜಿ ಆಟಗಾರ ಬ್ರೆಂಡನ್ ಶಾನಹಾನ್. ಈತ ಒಂದು ಒಳ್ಳೆಯ ಪದ್ಧತಿ ತಂದ. ಯಾರನ್ನಾದರೂ ಅಮಾನತು ಮಾಡಿದರೆ ಆ ಹೊಡೆತದ ವಿಡಿಯೊ ತೋರಿಸಿ, ಇಲ್ಲಿ ಎದುರಾಳಿ ಬೆನ್ನು ತಿರುಗಿಸಿದ್ದಾನೆ, ಇಲ್ಲಿ ನಿಲ್ಲಲು ಸಮಯವಿತ್ತು, ಇಲ್ಲಿ ಭುಜ ಮೇಲೆದ್ದಿದೆ, ಇವನಿಗೆ ಇದು ಮೂರನೇ ತಪ್ಪು, ಆದ್ದರಿಂದ ಇಷ್ಟು ಪಂದ್ಯ ಎಂದು ಬಿಡಿಸಿ ಹೇಳುವುದು. ಅಮಾನತಾದ ದಿನಗಳ ಸಂಬಳ ಕಡಿತವಾಗಿ ಕಷ್ಟದಲ್ಲಿರುವ ಆಟಗಾರರ ಸಹಾಯ ನಿಧಿಗೆ ಹೋಗುತ್ತದೆ. ಹಳೆಯ ಚಾಳಿಯವರಿಗೆ ಶಿಕ್ಷೆ ಏರುತ್ತ ಹೋಗುತ್ತದೆ. 2015ರಲ್ಲಿ ರಾಫಿ ಟೊರೆಸ್ ಎಂಬಾತನಿಗೆ ಒಂದೇ ಗುದ್ದಿಗೆ 41 ಪಂದ್ಯ ಬಿತ್ತು. ಇದರಿಂದ ಎಲ್ಲ ಸರಿಹೋಯಿತೆಂದಲ್ಲ. ದೊಡ್ಡ ಆಟಗಾರನಿಗೊಂದು ನ್ಯಾಯ, ಚಿಕ್ಕವನಿಗೊಂದು ನ್ಯಾಯ ಎಂಬ ದೂರು ಇದ್ದೇ ಇದೆ. ತಲೆಗೆ ಬಿದ್ದ ಪೆಟ್ಟುಗಳಿಂದ ಮೆದುಳಿಗೆ ಹಾನಿಯಾಯಿತು, ಲೀಗ್ ನಮ್ಮನ್ನು ಎಚ್ಚರಿಸಲಿಲ್ಲ ಎಂದು ಮಾಜಿ ಆಟಗಾರರು ದಾವೆ ಹೂಡಿದ್ದರು. 2018ರಲ್ಲಿ 318 ಮಂದಿಯೊಂದಿಗೆ ಸುಮಾರು 1.89 ಕೋಟಿ ಡಾಲರಿಗೆ ರಾಜಿಯಾಯಿತು. ಲೀಗ್ ತಪ್ಪು ಒಪ್ಪಿಕೊಳ್ಳಲಿಲ್ಲ.

ಇದೆಲ್ಲ ದೂರದ ಕಥೆ ಅನ್ನಬೇಡಿ. 1976ರ ಏಪ್ರಿಲಿನಲ್ಲಿ ರೇಡಿಯೊಗೆ ಕಿವಿಯಿಟ್ಟು ಕೂತಿದ್ದ ಹಿರಿಯರನ್ನು ಕೇಳಿ ನೋಡಿ. ಜಮೈಕಾದ ಕಿಂಗ್‌ಸ್ಟನ್ ಟೆಸ್ಟ್. ಅದರ ಹಿಂದಿನ ಟೆಸ್ಟಿನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದು ವೆಸ್ಟ್ ಇಂಡೀಸಿಗೆ ಮುಖಭಂಗ ಮಾಡಿತ್ತು. ಸಬೀನಾ ಪಾರ್ಕಿನಲ್ಲಿ ಮೈಕೆಲ್ ಹೋಲ್ಡಿಂಗ್ ಮತ್ತು ಸಂಗಡಿಗರ ಬೌನ್ಸರ್ ಸುರಿಮಳೆ. 81 ರನ್ ಗಳಿಸಿ ಗಟ್ಟಿಯಾಗಿ ನಿಂತಿದ್ದ ಅಂಶುಮನ್ ಗಾಯಕ್ವಾಡ್‌ಗೆ ಕಿವಿಯ ಹತ್ತಿರ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದರು. ನಮ್ಮ ಜಿ.ಆರ್. ವಿಶ್ವನಾಥ್ ಬೆರಳು ಮುರಿಯಿತು, ಅದೇ ಚೆಂಡಿಗೆ ಔಟ್ ಕೂಡ ಆದರು. ನಮ್ಮ ಬ್ರಿಜೇಶ್ ಪಟೇಲ್‌ಗೆ ಬಾಯಿಗೆ ಬಿದ್ದು ಹೊಲಿಗೆ ಹಾಕಬೇಕಾಯಿತು. ಹೆಲ್ಮೆಟ್ ಇನ್ನೂ ಬಂದಿರಲಿಲ್ಲ. ನಾಯಕ ಬಿಷನ್ ಸಿಂಗ್ ಬೇಡಿ 6 ವಿಕೆಟಿಗೆ 306 ಆದಾಗ ಡಿಕ್ಲೇರ್ ಮಾಡಿಕೊಂಡರು. ಎರಡನೇ ಸರದಿ 97 ರನ್ನಿಗೆ, ಐದೇ ವಿಕೆಟ್ ಬಿದ್ದಿರುವಾಗ ಮುಗಿಯಿತು. ಉಳಿದ ಐವರ ಹೆಸರಿನ ಮುಂದೆ ಗಾಯದಿಂದ ಗೈರು ಎಂದು ಬರೆಯಲಾಯಿತು.

ಬೌನ್ಸರ್ ಹಾಕಿ ಬೆದರಿಸುವುದರ ವಿರುದ್ಧ ಆಗಲೂ ಕಾನೂನು ಇತ್ತು. ಆದರೆ ಬೌಲರನ ಉದ್ದೇಶ ಬೆದರಿಸುವುದೇ ಎಂದು ಅಂಪೈರ್ ತೀರ್ಮಾನಿಸಬೇಕಿತ್ತು. ತವರು ಜನ ಅಬ್ಬರಿಸುವಾಗ ಯಾವ ಅಂಪೈರ್ ಅಷ್ಟು ಧೈರ್ಯ ಮಾಡುತ್ತಾನೆ? 1991ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಒಬ್ಬ ಬ್ಯಾಟ್ಸ್‌ಮನ್‌ಗೆ ಓವರಿಗೆ ಒಂದೇ ಬೌನ್ಸರ್ ಎಂದು ಎಣಿಕೆಯ ನಿಯಮ ತಂದಿತು, ಮುಂದೆ ಅದು ಬದಲಾಗುತ್ತ ಬಂತು. ಆ ಹೊತ್ತಿಗೇ ಮ್ಯಾಚ್ ರೆಫರಿಯ ಹುದ್ದೆಯೂ ಬಂತು. ಉದ್ದೇಶವನ್ನು ತೂಗುವುದಕ್ಕಿಂತ ಚೆಂಡನ್ನು ಎಣಿಸುವುದು ಸುಲಭ ಎಂದು ಹದಿನೈದು ವರ್ಷಕ್ಕೆ ಅರ್ಥವಾಯಿತು.

ನಮ್ಮ ಹಾಕಿಯಲ್ಲೂ ಇಂಥ ಅಳತೆಗಳಿವೆ. ಪೆನಾಲ್ಟಿ ಕಾರ್ನರಿನಲ್ಲಿ ಮೊದಲ ಹೊಡೆತ ಗೋಲಿನ ಗೆರೆ ದಾಟುವಾಗ 460 ಮಿಲಿಮೀಟರಿಗಿಂತ ಮೇಲಿರುವಂತಿಲ್ಲ. ಗೋಲಿನೊಳಗೆ ಕೆಳಗಿರುತ್ತದಲ್ಲ ಹಲಗೆ, ಅದರ ಎತ್ತರ ಅಷ್ಟೇ. ಆದರೆ ಡ್ರ್ಯಾಗ್ ಫ್ಲಿಕ್‌ಗೆ ಈ ಮಿತಿ ಇಲ್ಲ. ಕೊಡಗಿನ ವಿ.ಆರ್. ರಘುನಾಥ್ ಫ್ಲಿಕ್ ಮಾಡುವುದನ್ನು ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿಯ ಹಾಕಿ ಮೈದಾನದಲ್ಲಿ ಕಂಡವರಿಗೆ ಆ ಚೆಂಡಿನ ವೇಗ ಗೊತ್ತು. ಅಂಥ ಚೆಂಡಿಗೆ ಎದುರಾಗಿ ಓಡುವವನೇ ರಷರ್. ಮುಖಕ್ಕೊಂದು ಮುಖವಾಡ, ಮಂಡಿಗೆ ಪ್ಯಾಡು ಕಟ್ಟಿಕೊಂಡು, ಫ್ಲಿಕ್ ಮಾಡುವವನ ಕಾಲ ಬಳಿಗೇ ನುಗ್ಗುವ ಕೆಲಸ. ಭಾರತ ತಂಡದಲ್ಲಿ ಮೊದಲಿಗನಾಗಿ ಓಡುತ್ತಿದ್ದವರು ಯಾರು ಗೊತ್ತೇ? ಇದೇ ಅಮಿತ್ ರೋಹಿದಾಸ್. ಒಡಿಶಾದ ಸುಂದರ್‌ಗಢದ ಈ ಹುಡುಗ ಬೇರೆಯವರ ಹೊಡೆತಕ್ಕೆ ಮೈಯೊಡ್ಡಿ ಹೆಸರು ಮಾಡಿದವರು.

ಬಂಗಾಲಿ ಟೋಲಾದ ಅಂಗಡಿಗೆ ಬರೋಣ. ರೋಹಿದಾಸ್ ಹೊರಹೋದ ಮೇಲೆ, 22ನೇ ನಿಮಿಷದಲ್ಲಿ ನಾಯಕ ಹರ್ಮನ್‌ಪ್ರೀತ್ ಗೋಲು ಹೊಡೆದರು. ಐದು ನಿಮಿಷಕ್ಕೆ ಬ್ರಿಟನ್ ಸಮ ಮಾಡಿತು. ಆಮೇಲಿನದು ಆಟವಲ್ಲ, ತಪಸ್ಸು. ಹತ್ತು ಜನ ಹನ್ನೊಂದು ಜನರ ದಾಳಿಯನ್ನು ತಡೆಯುತ್ತಲೇ ಇದ್ದರು. ಗೋಲಿನಲ್ಲಿ ಶ್ರೀಜೇಶ್ ಗೋಡೆಯಾಗಿ ನಿಂತರು. 1-1ರಲ್ಲಿ ಸಮಯ ಮುಗಿದು ಶೂಟ್‌ಔಟ್ ಬಂತು. ಮೂರನೆಯವರಾಗಿ ಬಂದದ್ದು ಲಲಿತ್ ಉಪಾಧ್ಯಾಯ. ಅಂಗಡಿಯಲ್ಲಿ ಒಮ್ಮೆಗೇ ಮೌನ, ಯಾಕೆಂದರೆ ಲಲಿತ್ ಬನಾರಸಿನವರೇ. ಮೊಹಮ್ಮದ್ ಶಾಹಿದ್ ಹುಟ್ಟಿದ ಊರು ಇದು. 1980ರ ಮಾಸ್ಕೋ ಚಿನ್ನದ ತಂಡದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯನವರ ಜೊತೆ ಆಡಿದ, ಎದುರಾಳಿಯ ಕೋಲುಗಳ ನಡುವೆ ಚೆಂಡನ್ನು ದಾರದಂತೆ ಪೋಣಿಸಿ ಒಯ್ಯುತ್ತಿದ್ದ ಶಾಹಿದ್ 2016ರಲ್ಲಿ ತೀರಿಕೊಂಡರು. ಅವರ ಊರಿನ ಲಲಿತ್ ಗೋಲು ಹೊಡೆದಾಗ ಅಂಗಡಿಯ ಸೂರು ಹಾರಿಹೋಗುವಷ್ಟು ಕೂಗೆದ್ದಿತು. ನಾಲ್ಕನೆಯದಕ್ಕೆ ಪಕ್ಕದ ಗಾಜಿಪುರದ ರಾಜ್‌ಕುಮಾರ್ ಪಾಲ್. ಭಾರತ 4-2ರಿಂದ ಗೆದ್ದಿತು.

ಮಾರನೆಯ ದಿನ ಬಂದ ಸುದ್ದಿ ಈ ಸಂತೋಷಕ್ಕೆ ನೀರೆರಚಿತು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ರೋಹಿದಾಸ್ ಅವರನ್ನು ಇನ್ನೂ ಒಂದು ಪಂದ್ಯಕ್ಕೆ ಅಮಾನತು ಮಾಡಿತ್ತು. ಮೇಲ್ಮನವಿ ತಿರಸ್ಕೃತವಾಯಿತು. ಆಗಸ್ಟ್ 6ರ ಸೆಮಿಫೈನಲ್ಲಿಗೆ ಭಾರತ 15 ಜನರ ತಂಡದೊಂದಿಗೆ ಇಳಿಯಿತು. ಜರ್ಮನಿಯ ಗೊನ್ಜಾಲೊ ಪೆಯ್ಯಾಟ್ ಒಂದು ಗೋಲನ್ನು ಪೆನಾಲ್ಟಿ ಕಾರ್ನರಿನಲ್ಲೇ ಹೊಡೆದರು. ಎದುರು ಓಡಬೇಕಾಗಿದ್ದ ರೋಹಿದಾಸ್ ಹೊರಗಿದ್ದರು. ನಾವು 3-2ರಿಂದ ಸೋತೆವು. ಅವರಿದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ನಾನು ಹೇಳಲಾರೆ. ಆಗಸ್ಟ್ 8ರಂದು ಅವರು ಮರಳಿದರು, ಸ್ಪೇನನ್ನು 2-1ರಿಂದ ಸೋಲಿಸಿ ಕಂಚು ಬಂತು.

ಈಗ ನನ್ನ ಅಭಿಪ್ರಾಯ ಕೇಳಿದರೆ, ಆ ಕೆಂಪು ಕಾರ್ಡಿನ ಬಗ್ಗೆ ಅವತ್ತಿದ್ದಷ್ಟು ಸಿಟ್ಟು ನನಗಿಲ್ಲ. ಕೋಲು ಮೇಲೆದ್ದಿತ್ತು, ಪಕ್ಕದಲ್ಲಿ ಮನುಷ್ಯನಿದ್ದಾನೆಂದು ಗೊತ್ತಿತ್ತು, ತಲೆಗೆ ತಗುಲಿತು. ಹೊರಹಾಕಿದ್ದು ಹೆಚ್ಚಾಯಿತೇ, ಹಳದಿ ಸಾಕಿತ್ತೇ ಎಂದು ವಾದಿಸಬಹುದು. ನನ್ನ ತಕರಾರು ಇರುವುದು ಮರುದಿನದ ಶಿಕ್ಷೆಯ ಬಗ್ಗೆ. ನಡವಳಿಕೆಯ ಸಂಹಿತೆ ಉಲ್ಲಂಘನೆಯಾಗಿದೆ, ಒಂದು ಪಂದ್ಯ ಆಡುವಂತಿಲ್ಲ ಎಂಬ ಚಿಕ್ಕ ಪ್ರಕಟಣೆ. ಎಲ್ಲಿ ತಪ್ಪಿತು, ಆಟದಲ್ಲಿ ಆಗಲೇ 40 ನಿಮಿಷ ದಂಡ ತೆತ್ತ ಮೇಲೆ ಮತ್ತೊಂದು ಏಕೆ ಎಂದು ಶಾನಹಾನ್ ಮಾಡುತ್ತಿದ್ದಂತೆ ಚಿತ್ರ ತೋರಿಸಿ ಯಾರೂ ಬಿಡಿಸಿ ಹೇಳಲಿಲ್ಲ. ಆ ಪಂದ್ಯದ ವಿಡಿಯೊ ತೀರ್ಪುಗಳು ಒಂದೇ ಸಮ ಇರಲಿಲ್ಲವೆಂದು ಹಾಕಿ ಇಂಡಿಯಾ ಕೂಡ ದೂರು ಕೊಟ್ಟಿತ್ತು. ಪಿ.ಟಿ. ಮೇಷ್ಟ್ರು ನನಗೆ ಕೊಟ್ಟದ್ದು ಒಂದೇ ಪ್ರಶ್ನೆಯಾದರೂ ಅದರಲ್ಲಿ ಕಾರಣ ಇತ್ತು.

ಅಂದ ಹಾಗೆ, ಈ ಬಂಗಾಲಿ ಟೋಲಾ ಕೋಲಿನ ಇನ್ನೊಂದು ಕಥೆಯನ್ನೂ ಬಲ್ಲದು. 1908ರಲ್ಲಿ ಇಲ್ಲಿನ ಬಂಗಾಲಿ ಟೋಲಾ ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದ ಶಚೀಂದ್ರನಾಥ ಸಾನ್ಯಾಲ್ ಗೆಳೆಯರನ್ನು ಕೂಡಿಸಿ ಅನುಶೀಲನ ಸಮಿತಿ ಕಟ್ಟಿದರು. ಅದೇ ಹೆಸರಿನ ಢಾಕಾ ಸಮಿತಿಯಲ್ಲಿ ಪುಲಿನ್ ಬಿಹಾರಿ ದಾಸ್ ಹುಡುಗರಿಗೆ ಲಾಠಿ ವಿದ್ಯೆ ಕಲಿಸುತ್ತಿದ್ದರು. ಅಲ್ಲಿ ಎದುರಾಳಿಯ ತಲೆಗೆ ಬೀಳುವುದೇ ಗುರಿ. ಹಾಕಿಯಲ್ಲಿ ಅದೇ ಕೋಲು, ತಲೆಯನ್ನು ಬಿಟ್ಟು ಆಡಬೇಕು.

ಪಂದ್ಯ ಮುಗಿದು ಗಲ್ಲಿಯಲ್ಲಿ ಪಟಾಕಿ ಹೊಡೆಯುತ್ತಿರುವಾಗ ಅಜ್ಜಿಯನ್ನು ಮಠದ ಬಾಗಿಲವರೆಗೆ ಬಿಟ್ಟುಬಂದೆ. ರಾತ್ರಿ ಬೆಂಗಳೂರಿಗೆ ಫೋನ್ ಹಚ್ಚಿ, ನನ್ನಿಂದ ಏಳು ಹೊಲಿಗೆ ತಿಂದಿದ್ದ ಆ ಗೆಳೆಯನೊಂದಿಗೆ ಮಾತಾಡಿದೆ. ಅವನ ಹುಬ್ಬಿನ ಮೇಲೆ ಕೂದಲು ಬಾರದ ಗೆರೆಯೊಂದು ಈಗಲೂ ಇದೆ. ಅವನೂ ಮ್ಯಾಚ್ ನೋಡಿದ್ದ. ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದ:

"ಏನ್ ಅನ್ಯಾಯ ಕಣೋ! ಅವನೇನು ಬೇಕಂತ ಹೊಡೆದ್ನಾ?"